ಹದಿನೈದು ಕಡ್ಡಿಯ ಬಾಯಿ

ಹುಬ್ಬಳ್ಳಿಯ ಡಾಕ್ಟರರು ನನ್ನ ಹಲ್ಲುಗಳ ನಡುವೆ ಐಸ್ ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ತೂರಿಸುತ್ತ ಎಣಿಸಿದರು. ಹದಿನಾಲ್ಕನೆಯದು ಹೋಯಿತು. ಹದಿನೈದನೆಯದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ದವಡೆಯ ಒಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿ, ಆರು ವಾರ ದಿನಾಲೂ ಮುಂಜಾನೆ ರೈಲಿಗೆ ಹೋಗಿ, ನಮ್ಮ ಕಡೆ ಕರೆಂಟ್ ಎನ್ನುವ ರೇಡಿಯೇಶನ್ ಕೊಡಿಸಿಕೊಂಡು ಬಂದು, ಗಂಡಾಂತರ ಕಳೆಯಿತೆಂದು ಉಸಿರು ಬಿಡುವಷ್ಟರಲ್ಲಿ ಈ ಹೊಸ ಎಣಿಕೆ ಶುರುವಾಗಿತ್ತು. ಕರೆಂಟ್ ತಿಂದ ದವಡೆ ಬಿಸಿಲಿಗಿಟ್ಟ ಹಸಿ ತೊಗಲಿನ ಹಾಗೆ ತಿಂಗಳು ತಿಂಗಳಿಗೆ ಬಿಗಿಯುತ್ತ ಹೋಗುತ್ತದಂತೆ. ದಿನಾ ಕಡ್ಡಿ ಇಟ್ಟು ಹಿಗ್ಗಿಸಬೇಕು, ಅಗಿಯಬೇಕು, ಬಾಯಿ ತೆರೆದು ಮಾತಾಡಬೇಕು. ಹತ್ತು ಕಡ್ಡಿಗಿಂತ ಕೆಳಗಿಳಿದರೆ ಕೊಯ್ದು ಬಿಡಿಸಬೇಕು, ಕೊಯ್ದರೂ ತೆರೆದೀತೆಂಬ ಭರವಸೆಯಿಲ್ಲ, ಆಮೇಲೆ ಉಣ್ಣಲು ಮೂಗಿನಲ್ಲಿ ನಳಿಗೆ. ಇಷ್ಟನ್ನೂ ಅವರು ಇವತ್ತು ಮೋಡ ಆಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು.

ನಾನು ಮೊದಲೇ ಹುಟ್ಟಾ ಚಿಂತೆಗಾರ. ಮಳೆ ಬಂದರೆ ಮಾಳಿಗೆಯ ಚಿಂತೆ, ಬರದಿದ್ದರೆ ಬೆಳೆಯ ಚಿಂತೆ, ಎರಡೂ ಸರಿಯಿದ್ದರೆ ಏನನ್ನೋ ಮರೆತಿದ್ದೇನೆಂಬ ಚಿಂತೆ. ಅಂಥವನ ಕೈಗೆ ಡಾಕ್ಟರರು ಕಡ್ಡಿಯ ಕಟ್ಟು ಕೊಟ್ಟಿದ್ದು ಕೋತಿಗೆ ಕನ್ನಡಿ ಕೊಟ್ಟ ಹಾಗಾಯಿತು. ದಿನಕ್ಕೆ ನಾಲ್ಕು ಸಲ ಅಂದಿದ್ದರು. ನಾನು ತಾಸಿಗೊಮ್ಮೆ ಅಳೆದೆ. ಅಳೆದಾಗಲೆಲ್ಲ ಅರ್ಧ ಕಡ್ಡಿ ಕಡಿಮೆಯಾದಂತೆ ಕಾಣುತ್ತಿತ್ತು. ಕಟ್ಟು ಸವೆದಾಗ ಸೈಕಲ್ಲಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬರುವ ಐಸ್ ಕ್ಯಾಂಡಿಯವನನ್ನು ನಿಲ್ಲಿಸಿ, ಕ್ಯಾಂಡಿ ಬೇಡ, ಬರೀ ಕಡ್ಡಿ ಕೊಡು ಎಂದೆ. ಅವನು ಕೊಟ್ಟ. ಕೊಟ್ಟು ನನ್ನ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಅಂಚೆ ಮಾಸ್ತರರಿಗೆ ರೋಗ ತಲೆಗೂ ಏರಿದೆಯೇ ಎಂಬ ಪ್ರಶ್ನೆಯಿತ್ತು.

ಬೇರೆಯವರಾದರೆ ಇಂಥ ಬಾಯಿ ಹೊತ್ತುಕೊಂಡು ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಡ್ರಬಹುದಿತ್ತು. ನನಗೆ ಆ ದಾರಿಯೂ ಇರಲಿಲ್ಲ. ಕುಂದಗೋಳ ತಾಲ್ಲೂಕಿನ ನಮ್ಮ ಹಳ್ಳಿಯ ಅಂಚೆ ಕಚೇರಿಯೆಂದರೆ ನಮ್ಮ ಮನೆಯ ಪಡಸಾಲೆ, ಅಂಚೆ ಮಾಸ್ತರನೆಂದರೆ ನಾನು. ಕಾರ್ಡು ಬೇಕೆಂದು ಬಂದವರನ್ನು ಸರಕಾರ ಬೇಡವೆಂದರೂ ನಾನು ಬೇಡವೆನ್ನುವಂತಿಲ್ಲ. ವರ್ಷಕ್ಕೊಂದು ಕಾರ್ಡು ಬರೆಯದವರೂ ಆ ಬೇಸಿಗೆಯಲ್ಲಿ ಬಂದರು. ಮೇಜಿನ ಮುಂದೆ ನಿಂತು, ಕಾರ್ಡಿನ ನೆಪದಲ್ಲಿ ನನ್ನ ಕೆನ್ನೆ ನೋಡಿ, ತಮ್ಮ ಬೀಗರಲ್ಲಿ ಇದೇ ರೋಗದಿಂದ ತೀರಿಹೋದವರ ಕಥೆ ಹೇಳಿ ಹೋದರು. ನಾನು ಕುರ್ಚಿಯಲ್ಲಿ, ಎದುರಿಗೆ ಮೇಜು, ಹಿಂದೆ ಗೋಡೆ. ಎದ್ದು ಹೋಗಲು ಜಾಗವಿಲ್ಲ, ಉತ್ತರ ಕೊಡಲು ಬಾಯಿಲ್ಲ.

ಬಾಯಿ ಸರಿಯಾಗಿ ತೆರೆಯದವನಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಊರು ತಾನಾಗಿಯೇ ತೀರ್ಮಾನಿಸಿತ್ತು. ಎಲ್ಲರೂ ನನ್ನ ಜೊತೆ ಹೊಲದ ಆಚೆ ಬದುವಿನಲ್ಲಿ ನಿಂತವನಿಗೆ ಕೂಗುವ ಹಾಗೆ ಕೂಗಿ, ಕೈಸನ್ನೆ ಬೇರೆ ಮಾಡುತ್ತಿದ್ದರು. ಕರೆಂಟ್ ಕೊಟ್ಟಿದ್ದಾರೆಂಬ ಸುದ್ದಿಯಂತೂ ಇನ್ನೊಂದು ಬಗೆಯಲ್ಲಿ ಹಬ್ಬಿತ್ತು. ಒಬ್ಬ ಮುದುಕ ನನ್ನ ಕೈಯಿಂದ ಕಾರ್ಡು ತೆಗೆದುಕೊಳ್ಳದೆ, ಮೇಜಿನ ಮೇಲೆ ಇಡಲು ಹೇಳಿ, ಇಟ್ಟ ಮೇಲೆ ಧೋತರದ ಚುಂಗಿನಿಂದ ಹಿಡಿದು ಒಯ್ದ. ಅವನ ಹಿಂದಿದ್ದವನು, ಊರಿಗೆ ವಾರಗಟ್ಟಲೆ ಇಲ್ಲದ ಕರೆಂಟು ಮಾಸ್ತರರಿಗಷ್ಟೇ ಹೆಂಗ ಸಿಕ್ಕಿತು ಅಂದ. ನನಗೆ ನಗು ಬಂತು, ಆದರೆ ನಗುವುದಕ್ಕೂ ಬಾಯಿ ಬೇಕು. ಮೂಗಿನಿಂದ ನಕ್ಕೆ. ಅಳುತ್ತಿದ್ದೇನೆಂದು ತಿಳಿದು ಇಬ್ಬರೂ ಸರಸರ ಹೊರನಡೆದರು.

ಉಗುಳೂ ಹೋಗಿತ್ತು. ಇಪ್ಪತ್ತು ವರ್ಷ ಊರಿನ ಸ್ಟಾಂಪುಗಳನ್ನೆಲ್ಲ ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿದವನು ನಾನು. ಈಗ ಸ್ಟಾಂಪು ನಾಲಿಗೆಗೆ ಅಂಟಿಕೊಳ್ಳುತ್ತಿತ್ತೇ ಹೊರತು ಲಕೋಟೆಗೆ ಅಂಟುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಬಟ್ಟಲಲ್ಲಿ ಒದ್ದೆ ಅರಿವೆ, ಬಾಜೂಕ್ಕೆ ನನಗಾಗಿ ಒಂದು ತಂಬಿಗೆ ನೀರು. ಎಡಗೆನ್ನೆಯಲ್ಲಿ ಗಡ್ಡ ಬೆಳೆಯುವುದು ನಿಂತುಹೋಗಿತ್ತು. ಇಡೀ ರೋಗದಿಂದ ನನಗಾದ ಲಾಭ ಅದೊಂದೇ.

ಆದರೆ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಊರಿನ ಅಂತಃಕರಣ. ನಮ್ಮ ಕಡೆ ಒಕ್ಕಲುತನದವರಿಗೆಲ್ಲ ಗೊತ್ತಿರುವ ಮಾತೊಂದಿದೆ: ಕಾಲು ಉಳುಕಿದ ಎತ್ತಿನ ಮೇಲೆ ನೊಗ ಇಡಬಾರದು. ನಿಲ್ಲಿಸಿ, ಹಸಿ ಮೇವು ಹಾಕಿ, ತಾನಾಗಿಯೇ ಎದ್ದು ನಡೆಯುವವರೆಗೆ ಬಿಡಬೇಕು. ಅದೇ ನ್ಯಾಯವನ್ನು ಓಣಿ ನನ್ನ ದವಡೆಗೂ ಹಚ್ಚಿತು. ಬಾಯಿ ನೊಂದಿದೆ, ಅದಕ್ಕೆ ಕೆಲಸ ಕೊಡಬಾರದು. ಮುಂಜಾನೆ ಒಂದು ಮನೆಯಿಂದ ಮಜ್ಜಿಗೆ ಅಂಬಲಿ, ಮಧ್ಯಾಹ್ನ ಇನ್ನೊಂದು ಮನೆಯಿಂದ ಸೋಸಿದ ಗಂಜಿ, ಸಂಜೆ ಹಾಲಿನಲ್ಲಿ ಕರಗಿಸಿದ ರೊಟ್ಟಿ. ಮಾತಾಡಲು ಹೋದರೆ, ಬ್ಯಾಡ್ರಿ ಬ್ಯಾಡ್ರಿ, ನಮಗ ತಿಳೀತು ಎನ್ನುತ್ತಿದ್ದರು. ನನ್ನ ಹೆಂಡತಿಯೂ ಹಾಗೇ ಅಂದಳು. ಡಾಕ್ಟರರು ಹೇಳಿದ್ದು ನನಗೆ ನೆನಪಿತ್ತು. ಆದರೆ ಅಗಿದರೆ ಹುಣ್ಣು ಮತ್ತೆ ಎದ್ದೀತೆಂಬ ಚಿಂತೆ, ಅಗಿಯದಿದ್ದರೆ ಬಾಯಿ ಮುಚ್ಚೀತೆಂಬ ಚಿಂತೆಗಿಂತ ಒಂದು ತೂಕ ಹೆಚ್ಚಿತ್ತು. ಅಂಬಲಿ ಕುಡಿಯುವುದೂ ಸುಲಭ. ಕುಡಿದೆ. ಎರಡು ತಿಂಗಳಿಗೆ ಹದಿನಾಲ್ಕು ಕಡ್ಡಿಯ ಬಾಯಿ ಹನ್ನೊಂದಕ್ಕೆ ಇಳಿಯಿತು.

ಡಾಕ್ಟರರು ಈ ಸಲ ಸಲೀಸಾಗಿ ಮಾತಾಡಲಿಲ್ಲ. ನಿಮ್ಮನ್ನು ರೋಗ ಕೊಲ್ಲಲಿಲ್ಲ, ನಿಮ್ಮ ಓಣಿಯವರು ಕೊಲ್ಲುತ್ತಾರೆ ಅಂದರು. ಇನ್ನು ಮೂರು ತಿಂಗಳು ನೋಡುತ್ತೇನೆ, ಆಮೇಲೆ ಕೊಯ್ಯುವುದೇ. ಹೆಂಡತಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಮನೆಗೆ ಬಂದವಳೇ ಒಣಗಿ ಗರಿಗರಿಯಾದ ಕಟಕ ರೊಟ್ಟಿ ತಂದು ನನ್ನ ಮುಂದಿಟ್ಟು, ಒಂದು ತುಣುಕು ಮುಗಿಯುವವರೆಗೆ ಎದ್ದು ಹೋಗಲಿಲ್ಲ. ಉಗುಳಿಲ್ಲದ ಬಾಯಿಯಲ್ಲಿ ಕಟಕ ರೊಟ್ಟಿಯೆಂದರೆ ಹೆಂಚಿನ ಚೂರು. ತುಣುಕಿಗೊಂದು ಗುಟುಕು ನೀರು ಹಾಕಿ ನುರಿಸಿದೆ. ಓಣಿಯ ಅಂಬಲಿಯನ್ನು ಮಾತ್ರ ಬೇಡವೆನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅದು ಬರುತ್ತಲೇ ಇತ್ತು, ಎಮ್ಮೆ ಕುಡಿಯುತ್ತಿತ್ತು. ಮಾಸ್ತರರ ಮುಖಕ್ಕೆ ಸ್ವಲ್ಪ ಕಳೆ ಬಂದಿದೆ ಎಂದು ತಂದವರು ಹೇಳುತ್ತಿದ್ದರು. ಕಳೆ ಬಂದದ್ದು ಎಮ್ಮೆಗೆ.

ಅಗಿಯುವುದಾಯಿತು. ಮಾತು? ಯಾರಿಗೂ ನನ್ನ ಮಾತು ಬೇಕಿರಲಿಲ್ಲ. ಹಲ್ಲು ಕಚ್ಚಿಕೊಂಡೇ ಏನೋ ಗೊಣಗಿದರೆ ಎಲ್ಲರೂ ಗೋಣು ಹಾಕುತ್ತಿದ್ದರು. ಗೋಣು ಹಾಕದವಳು ಒಬ್ಬಳೇ.

ನಮ್ಮ ಮನೆಯ ಹಿಂದಿನ ಓಣಿಯ ಮುದುಕಿ ಅವಳು. ಊರಿಗೆಲ್ಲ ಆಯಿ. ಒಬ್ಬಳೇ ಮಗಳನ್ನು ಮಿರಜಿಗೆ ಕೊಟ್ಟಿದ್ದಳು. ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಆಯಿಗೆ ಓದು ಬಾರದು, ಓದುವವನು ನಾನೇ. ಎಪ್ಪತ್ತು ದಾಟಿದ ಅವಳ ಬಾಯಲ್ಲಿ ಹಗಲೆಲ್ಲ ಎಲೆ, ಅಡಿಕೆ, ಅಂಗೈಯಷ್ಟು ತಂಬಾಕು. ನಾನು ನಲವತ್ತೈದಕ್ಕೇ ಸುಟ್ಟುಕೊಂಡ ಬಾಯಿ ಹಿಡಿದುಕೊಂಡು ಎದುರಿಗೆ ಕೂತಿದ್ದರೆ ಅವಳು ಆರಾಮಾಗಿ ಮೆಲ್ಲುತ್ತಿದ್ದಳು. ದೇವರ ಲೆಕ್ಕದಲ್ಲಿ ಎಲ್ಲೋ ವಿಳಾಸ ತಪ್ಪಿದೆ ಎಂದು ಅಂಚೆಯವನಿಗೆ ಅನಿಸಿದರೆ ತಪ್ಪಲ್ಲ.

ಹುಬ್ಬಳ್ಳಿಯಿಂದ ಬಂದ ವಾರದಲ್ಲೇ ಅವಳ ಪತ್ರ ಬಂತು. ನಾನು ಎಂದಿನ ಗೊಣಗಿನಲ್ಲಿ ಓದಿ ಮುಗಿಸಿ ಮಡಚಿದೆ. ಆಯಿ ಕೈ ಚಾಚಲಿಲ್ಲ.

"ಬಾಯಿ ತಗದು ಓದೋ ತಮ್ಮಾ. ಗಡಿಗ್ಯಾಗ ನೊಣಾ ಸಿಕ್ಕಂಗ ಗುಂಯ್ ಅಂತಿ."

ಬಾಯಿ ತೆರೆದರೆ ನೋಯುತ್ತದೆ ಎಂದು ಕೆನ್ನೆ ಮುಟ್ಟಿ ತೋರಿಸಿದೆ.

"ನೂಯ್ಲಿ, ಅದಕ್ಕ ನಾ ಏನ್ ಮಾಡ್ಲಿ? ನನ್ನ ಮಗಳು ಬರದದ್ದು ನನಗ ತಿಳೀಬೇಕಲ್ಲ."

ಒಳಗಿನಿಂದ ಹೆಂಡತಿ ಓಡಿಬಂದು, ಆಯಿ, ಅವರಿಗೆ ಆಗೂದಿಲ್ಲ, ನಾಳೆ ಸಾಲಿ ಹುಡುಗರ ಕಡೆ ಓದಿಸಿಕೊಂಡರಾಯಿತು ಎಂದಳು. ಆಯಿ ಅವಳ ಕಡೆ ನೋಡಲೂ ಇಲ್ಲ. ಪೋಸ್ಟಮಾಸ್ತರ ನೀನೋ, ಸಾಲಿ ಹುಡುಗರೋ ಎಂದು ನನ್ನನ್ನೇ ಕೇಳಿದಳು. ಸಿಟ್ಟು ಬಂತು. ಸಿಟ್ಟಿನಲ್ಲಿ ಬಾಯಿ ತೆರೆದು ಮೊದಲಿನಿಂದ ಓದಿದೆ. ಮಗಳ ಮನೆಯ ಆಕಳು ಈದದ್ದು, ಅಳಿಯನ ಹಲ್ಲುನೋವು, ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದದ್ದು. ಹಲ್ಲುನೋವು ಎಂಬಲ್ಲಿ ದವಡೆ ಚಳಕ್ಕೆಂದು ಹಿಡಿಯಿತು. ಆ ಸಾಲು ತಿಳಿಯಲಿಲ್ಲ ಎಂದು ಆಯಿ ಅದನ್ನೇ ಮೂರು ಸಲ ಓದಿಸಿದಳು.

ಅವಳು ನನಗೆ ಔಷಧ ಮಾಡುತ್ತಿದ್ದಳೆಂದು ಯಾರೂ ತಿಳಿಯಬಾರದು. ನನ್ನ ದವಡೆ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಅವಳಿಗೆ ಬೇಕಾದದ್ದು ಮಗಳ ಸುದ್ದಿ. ನನ್ನ ರೋಗದ ದಿನಗಳಲ್ಲಿ ಬಂದ ಪತ್ರಗಳೆಲ್ಲ ಅರ್ಧಮರ್ಧ ತಿಳಿದಿದ್ದವು. ಅವನ್ನು ಅರಿವೆಯಲ್ಲಿ ಕಟ್ಟಿಕೊಂಡು ದಿನಾ ಮಧ್ಯಾಹ್ನ ಬಂದು ಕೂತಳು. ಅವು ಮುಗಿದ ಮೇಲೆ ಹಳೆಯವು. ಐದು ವರ್ಷದ ಹಿಂದಿನ ಸೀರೆ, ಜ್ವರ, ಅತ್ತೆಯ ಜಗಳ, ಎಲ್ಲವನ್ನೂ ಬಾಯಿ ಹಿಗ್ಗಿಸಿ ಓದಿದೆ. ತಪ್ಪಿಸಿಕೊಳ್ಳಲು ನೋಡಿದ್ದೂ ಉಂಟು. ಒಂದು ದಿನ ಹಿತ್ತಲಿಗೆ ಹೋಗಿ ಕೂತೆ. ಆಯಿ ಎಮ್ಮೆಯ ಬಾಜೂಕ್ಕೇ ಬಂದು ಗಂಟು ಬಿಚ್ಚಿದಳು.

ಮೂರು ತಿಂಗಳಿಗೆ ಡಾಕ್ಟರರು ಕಡ್ಡಿ ತೂರಿಸಿದಾಗ ಹದಿನೈದು ಹಿಡಿಸಿದವು. ಕೊಯ್ಯುವುದು ಬೇಡ ಅಂದರು. ಆರಾಮಿದ್ದವರ ಹಾಗೆ ಇಪ್ಪತ್ತು ಯಾವಾಗ ಎಂದು ಕೇಳಿದೆ. ಇಪ್ಪತ್ತನ್ನು ಮರೆತುಬಿಡಿ, ಇದನ್ನು ಉಳಿಸಿಕೊಳ್ಳಿ, ಒಂದು ತಿಂಗಳು ಸುಮ್ಮನೆ ಕೂತರೆ ಮತ್ತೆ ಹನ್ನೊಂದು ಅಂದರು. ಎಲ್ಲಿಯತನಕ ಎಂದು ಕೇಳಿದ್ದಕ್ಕೆ, ಉಣ್ಣಬೇಕು ಅನ್ನಿಸುವತನಕ ಅಂದರು. ವಾಪಸು ಬರುವ ರೈಲಿನಲ್ಲಿ ಹೆಂಡತಿ ಎದುರಿಗೆ ಕೂತವರಿಗೆಲ್ಲ ಸಂತೋಷದ ಸುದ್ದಿ ಹೇಳುತ್ತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ, ಸಾಯುವತನಕ ದಿನಾ ಮಾತಾಡಬೇಕೆಂದರೆ ಏನು ಮಾತಾಡುವುದು ಎಂಬ ಚಿಂತೆಗೆ ಬಿದ್ದಿದ್ದೆ.

ಮರುದಿನ ಚೀಲದಲ್ಲಿ ಆಯಿಯ ಪತ್ರ ಬಂದಿತ್ತು. ಅವಳು ಬಂದು ಕೂತ ಮೇಲೆ ಒಡೆದೆ. ಕಣ್ಣು ಬಾಯಿಗಿಂತ ಮುಂದೆ ಓಡಿತು. "ಅವ್ವಾ, ನೀ ಒಬ್ಬಾಕಿನ ಅಲ್ಲಿ ಯಾಕ ಇರ್ತಿ? ಇಲ್ಲೇ ಬಂದುಬಿಡು, ಇವರೂ ಹೂಂ ಅಂದಾರ." ಓದು ನಿಲ್ಲಿಸಿದೆ. ಆ ಎರಡು ಸಾಲು ಹಾರಿಸಿ ಆಕಳಿನ ಸುದ್ದಿಗೆ ಹೋದರೆ ಕೇಳುವವರಿರಲಿಲ್ಲ. ಆಯಿ ಹೋದರೆ ನನ್ನ ಬಾಯಿಯ ಗತಿಯೇನು ಎಂಬುದು ಅಷ್ಟರಲ್ಲೇ ತಲೆಯಲ್ಲಿ ಪೂರ್ತಿ ಓಡಿ ಮುಗಿದಿತ್ತು, ಮೂಗಿನ ನಳಿಗೆಯ ಸಮೇತ.

"ಯಾಕೋ, ಏನರ ಕೆಟ್ಟ ಸುದ್ದೀನು?" ಎಂದಳು. ಮೆಲ್ಲುವುದನ್ನು ನಿಲ್ಲಿಸಿದ್ದಳು.

ಹದಿನೈದು ಕಡ್ಡಿಯಷ್ಟೂ ಬಾಯಿ ತೆರೆದು ಓದಿದೆ. ಆಯಿ ಇನ್ನೊಮ್ಮೆ ಓದು ಅನ್ನಲಿಲ್ಲ.

"ಹೋಗ್ಲೇನೊ ತಮ್ಮಾ?"

ಮಿರಜಿನ ನೀರು ಒಗ್ಗೀತೆ, ಅಳಿಯನ ಮನೆಯಲ್ಲಿ ಎಷ್ಟು ದಿನ ಮರ್ಯಾದೆ, ಹುಬ್ಬಳ್ಳಿಯಲ್ಲಿ ರೈಲು ಬದಲಿಸುವಾಗ ಬಿದ್ದರೆ? ಒಂದೊಂದೂ ನಿಜವಾದ ಚಿಂತೆ, ಎಲ್ಲವೂ ನನ್ನ ಅನುಕೂಲಕ್ಕೆ. ಎಲ್ಲ ಒಟ್ಟಿಗೆ ಹೊರಗೆ ಬರಲು ನುಗ್ಗಿದವು. ಬಾಗಿಲು ಸಣ್ಣದು. ಎಲ್ಲಕ್ಕಿಂತ ಸಣ್ಣ ಮಾತೇ ಮೊದಲು ಹೊರಬಿತ್ತು.

"ಹೋಗ್ಬೇ ಆಯಿ."

ಅವಳ ಮುಂದೆಯೇ ಮಗಳಿಗೆ ಕಾರ್ಡು ಬರೆದೆ. ಎಂಟು ದಿನಕ್ಕೆ ಹೊರಟಳು. ಹೊರಡುವಾಗಲೂ ನನ್ನ ಬಾಯಿ ಹೇಗಿದೆ ಎಂದು ಕೇಳಲಿಲ್ಲ.

ಇದಾಗಿ ಮೂರು ವರ್ಷ. ಓದಲು ಈಗ ಇಲಾಖೆಯ ಸುತ್ತೋಲೆಗಳಿವೆ. ಮಧ್ಯಾಹ್ನ ಪಡಸಾಲೆ ಖಾಲಿಯಾದ ಮೇಲೆ ತಂಬಿಗೆ ಇಟ್ಟುಕೊಂಡು ಗಟ್ಟಿಯಾಗಿ ಓದುತ್ತೇನೆ. ಒಳಗಿನಿಂದ ಹೆಂಡತಿ, "ತಿಳೀತ್ರಿ, ಸಾಕ್ ಮಾಡ್ರಿ" ಎನ್ನುತ್ತಾಳೆ. ಅವಳಿಗೆ ಒಂದಕ್ಷರವೂ ತಿಳಿದಿಲ್ಲವೆಂದು ನನಗೆ ಗೊತ್ತು. ಹಾಳೆ ತಿರುವಿ ಮೊದಲಿನಿಂದ ಓದುತ್ತೇನೆ.