ಮೀನಿಗೆ ಹಾಕಿದ ಸೊಪ್ಪು

ಹಲ್ಲಿನ ಆಸ್ಪತ್ರೆಯ ಕಂಪೌಂಡರ್‌ಗೆ ಆಗ ಐವತ್ತೊಂದು ವರ್ಷ. ಇಕ್ಕಳ, ಕನ್ನಡಿ, ಹತ್ತಿ ಉಂಡೆಗಳನ್ನು ಟ್ರೇಯಲ್ಲಿ ಜೋಡಿಸುವುದು, ಹೆಸರು ಬರೆದುಕೊಂಡು ಒಬ್ಬೊಬ್ಬರನ್ನೇ ಒಳಗೆ ಕರೆಯುವುದು, ಹಲ್ಲು ಕೀಳಿಸಿಕೊಂಡವರಿಗೆ "ಇವತ್ತು ಬಿಸಿ ಏನೂ ತಗೋಬೇಡಿ" ಎಂದು ಹೇಳಿ ಕಳಿಸುವುದು ಅವರ ಕೆಲಸ. ಇಪ್ಪತ್ತು ವರ್ಷದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ. "ಇಲ್ಲಿ ಎಲ್ಲರೂ ಬಾಯಿ ಬಿಡೋರೇ, ಬಾಯಿ ಮುಚ್ಚಿಕೊಂಡು ಕೆಲಸ ಮಾಡೋನು ನಾನೊಬ್ಬನೇ" ಎಂದು ತಮಾಷೆ ಮಾಡುತ್ತಿದ್ದರು.

ಕಾಯುವ ಕೋಣೆಯಲ್ಲಿ ಕೂತ ಮಕ್ಕಳು ಒಳಗಿನ ಯಂತ್ರದ ಸದ್ದಿಗೆ ಹೆದರಿ ಅಳುತ್ತವೆ ಎಂದು ಡಾಕ್ಟರಮ್ಮ ಒಂದು ಮೀನಿನ ತೊಟ್ಟಿ ತರಿಸಿದರು. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಕಲ್ಲುಗಳ ರಾಶಿ, ಅದರ ಸಂದುಗಳಲ್ಲಿ ನುಗ್ಗಿ ಹೊರಬರುವ ಹದಿನಾರು ಮೀನು, ಕೆಲವು ನಿಂಬೆ ಹಳದಿ, ಕೆಲವು ಪಟ್ಟೆಯ ನೀಲಿ. ಆಫ್ರಿಕಾದ ಸರೋವರದ ಸಿಕ್ಲಿಡ್ ಎನ್ನುವ ಜಾತಿ ಎಂದು ಮೀನಂಗಡಿಯವನು ಹೇಳಿದ. ಒಂದು ಹಸಿರು ಡಬ್ಬ ಕೊಟ್ಟು, "ದಿನಕ್ಕೆ ಎರಡು ಸಲ, ಚಿಟಿಕೆ ಚಿಟಿಕೆ. ಬೇರೆ ಏನೂ ಹಾಕಬೇಡಿ. ಬೇರೆ ಮೀನು ತಂದು ಸೇರಿಸೋ ಮುಂಚೆ ನನ್ನ ಕೇಳಿ" ಎಂದ. ಕಂಪೌಂಡರ್ ತಲೆಯಾಡಿಸಿದರು. ತೊಟ್ಟಿ ಅವರ ಪಾಲಿಗೆ ಬಂತು.

ಬರುಬರುತ್ತಾ ಅದು ಅವರ ಪ್ರಾಣವೇ ಆಯಿತು. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವರ ದಾರಿ ನೋಡುವವರು ಹೆಂಡತಿ ಒಬ್ಬರೇ. ಇಲ್ಲಿ ನೋಡಿದರೆ ಗಾಜಿನ ಹತ್ತಿರ ಬೆರಳು ತಂದರೆ ಸಾಕು, ಹದಿನಾರು ಬಾಯಿ ಓಡಿ ಬರುತ್ತಿದ್ದವು. ಡಬ್ಬದೊಳಗಿನ ಗುಳಿಗೆಯನ್ನು ಒಮ್ಮೆ ಮೂಸಿ ನೋಡಿದರು. ಒಣಗಿದ ಪಾಚಿಯ ವಾಸನೆ. "ಪಾಪ, ಬರೀ ಪಥ್ಯ" ಎಂದುಕೊಂಡರು. ಡಬ್ಬ ಖಾಲಿಯಾದಾಗ ಹೊಸದು ತರಲಿಲ್ಲ. ಮನೆಯಿಂದ ಬೇಯಿಸಿದ ಮೊಟ್ಟೆಯ ಹಳದಿ ತಂದು ಪುಡಿಮಾಡಿ ಹಾಕತೊಡಗಿದರು, ಒಣ ಸೀಗಡಿ ಹಾಕಿದರು. ಮೀನುಗಳು ಮುಗಿಬಿದ್ದು ತಿಂದವು. ತಿನ್ನುವುದನ್ನು ನೋಡುತ್ತಾ ಕಂಪೌಂಡರ್‌ಗೇ ಹೊಟ್ಟೆ ತುಂಬುತ್ತಿತ್ತು.

ಹೀಗೇ ಎರಡು ವರ್ಷ ಕಳೆಯಿತು. ಅಂದ ಹೆಚ್ಚಲಿ ಎಂದು ಬೇರೆ ಅಂಗಡಿಯಿಂದ ಎರಡು ಏಂಜಲ್ ಮೀನು ತಂದು ಬಿಟ್ಟರು. ಉದ್ದ ರೆಕ್ಕೆಯ, ತೇಲುತ್ತಾ ನಿಧಾನವಾಗಿ ಹೋಗುವ ಮೀನು. ನಾಲ್ಕನೆಯ ದಿನಕ್ಕೆ ಅವುಗಳ ರೆಕ್ಕೆ ಚಿಂದಿಯಾಗಿತ್ತು, ಆರನೆಯ ದಿನಕ್ಕೆ ಎರಡೂ ಸತ್ತವು. ಅದಾದ ಮೇಲೆ ಒಂದು ನೀಲಿ ಮೀನು ತಿನ್ನುವುದು ಬಿಟ್ಟಿತು. ಬಾಯಿಗೆ ತೆಗೆದುಕೊಂಡದ್ದನ್ನು ಉಗುಳಿ, ಕಲ್ಲಿನ ಹಿಂದೆ ಹೋಗಿ ನಿಂತಿತು. ಹೊಟ್ಟೆ ಊದಿಕೊಂಡು ಸತ್ತಿತು. ಮುಂದಿನ ವಾರ ಇನ್ನೊಂದು.

ಯಾರೋ ಏನೋ ಮಾಡುತ್ತಿದ್ದಾರೆ ಎಂಬ ಗುಮಾನಿ ಕಂಪೌಂಡರ್ ತಲೆ ಹೊಕ್ಕಿತು. ಆಸ್ಪತ್ರೆಯ ಬೀಗ ತೆಗೆದು ನೆಲ ಒರೆಸುತ್ತಿದ್ದವಳು ಆಯಾ. ಅವರಿಗಿಂತ ಏಳೆಂಟು ವರ್ಷ ದೊಡ್ಡವಳು. ಮಾತು ಕಡಿಮೆ. ಒಂದು ಬೆಳಿಗ್ಗೆ ಕಂಪೌಂಡರ್ ಒಂದು ಗಂಟೆ ಮುಂಚೆ ಬಂದರು. ಬಾಗಿಲ ಸಂದಿಯಿಂದ ನೋಡಿದರೆ ಆಯಾ ತೊಟ್ಟಿಯ ಮುಚ್ಚಳ ಎತ್ತಿ, ಪಾಲಕ್ ಎಲೆಯನ್ನು ಸಣ್ಣಗೆ ಹರಿದು ನೀರಿಗೆ ಬಿಡುತ್ತಿದ್ದಳು. ಪಕ್ಕದಲ್ಲೇ ಫಿನಾಯಿಲ್ ಬಕೆಟ್.

ಆಗಲೇ ಒಳಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಮೂರನೆಯ ಮೀನು ಸತ್ತ ದಿನ, ಕಾಯುವ ಕೋಣೆಯಲ್ಲಿ ಏಳೆಂಟು ಜನ ಕೂತಿದ್ದಾಗ ಡಾಕ್ಟರಮ್ಮ ಹೊರಗೆ ಬಂದು, "ಏನಾಗ್ತಿದೆ ಕಂಪೌಂಡರ್, ಚೆನ್ನಾಗಿ ನೋಡಿಕೊಳ್ತಿದೀರಿ ತಾನೆ?" ಎಂದರು.

ಇಪ್ಪತ್ತು ವರ್ಷದಲ್ಲಿ ಕೇಳಿಸಿಕೊಂಡ ಮೊದಲ ಮಾತು ಅದು. ಕಂಪೌಂಡರ್ ಮುಖ ಬಿಸಿಯಾಯಿತು.

"ನಾನು ನೋಡಿಕೊಳ್ತೀನಿ ಮೇಡಂ. ನೋಡಿಕೊಳ್ಳೋಕೆ ಬಿಡಬೇಕಲ್ಲ? ಈ ಆಯಾ ದಿನಾ ಬೆಳಿಗ್ಗೆ ಕದ್ದು ಸೊಪ್ಪು ಹಾಕ್ತಾಳೆ. ಔಷಧಿ ಹೊಡೆದ ಸೊಪ್ಪು, ಅದೂ ಫಿನಾಯಿಲ್ ಕೈಯಲ್ಲಿ. ಕಣ್ಣಾರೆ ನೋಡಿದೀನಿ."

ಎಲ್ಲರೂ ತಿರುಗಿ ನೋಡಿದರು. ಆಯಾ ಒರೆಸುವ ಕೋಲು ಹಿಡಿದು ಬಾಗಿಲ ಬಳಿ ನಿಂತಿದ್ದಳು.

"ತೊಳೆದೇ ಹಾಕ್ತಿದ್ದೆ ಅಮ್ಮಾ," ಎಂದಳು. "ಕಲ್ಲು ಕೆರೆದು ಕೆರೆದು ತಿಂತಿದ್ವು, ಆಡು ಹುಲ್ಲು ಹುಡುಕೋ ಹಾಗೆ. ಹಸಿರು ಬೇಕೇನೋ ಅನ್ನಿಸ್ತು."

"ಇನ್ನು ಮೇಲೆ ಮುಟ್ಟಬೇಡಿ," ಎಂದಷ್ಟೇ ಹೇಳಿ ಡಾಕ್ಟರಮ್ಮ ಒಳಗೆ ಹೋದರು. ಕೂತಿದ್ದವರಲ್ಲಿ ಒಬ್ಬರು, "ಮೂಕ ಪ್ರಾಣಿ ರೀ" ಎಂದು ಲೊಚಗುಟ್ಟಿದರು. ಆಯಾ ಉಳಿದ ನೆಲ ಒರೆಸಿ, ಬಕೆಟ್ ತೊಳೆದು ಬೋರಲು ಹಾಕಿ ಹೋದಳು. ಮರುದಿನ ಬರಲಿಲ್ಲ. ಬೀಗದ ಕೈಯನ್ನು ಕೆಳಗಿನ ಔಷಧಿ ಅಂಗಡಿಯಲ್ಲಿ ಕೊಟ್ಟುಹೋಗಿದ್ದಳು.

ಪೀಡೆ ತೊಲಗಿತು ಎಂದುಕೊಂಡ ಕಂಪೌಂಡರ್ ಮೊಟ್ಟೆಯನ್ನು ಇನ್ನಷ್ಟು ಧಾರಾಳವಾಗಿ ಹಾಕಿದರು. ಎರಡೇ ವಾರದಲ್ಲಿ ನಾಲ್ಕು ಮೀನು ಸತ್ತವು. ಈಗ ಅವರಿಗೆ ದಿಕ್ಕು ತೋಚಲಿಲ್ಲ. ಊದಿಕೊಂಡ ಹಳದಿ ಮೀನೊಂದನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮೀನಂಗಡಿಗೆ ಓಡಿದರು.

ಅಂಗಡಿಯವನು ಚೀಲವನ್ನು ಬೆಳಕಿಗೆ ಹಿಡಿದು ನೋಡಿದ. "ಏನು ಹಾಕ್ತಿದೀರಿ?"

"ಮೊಟ್ಟೆ, ಸೀಗಡಿ. ಎರಡು ವರ್ಷದಿಂದ ಒಳ್ಳೇದೇ ಹಾಕ್ತಿದೀನಿ."

"ಒಳ್ಳೇದು ನಿಮಗೆ. ಇದು ಕಲ್ಲಿನ ಮೇಲಿನ ಪಾಚಿ ಕೆರೆದು ಬದುಕೋ ಜಾತಿ ಸಾರ್. ಉದ್ದ ಕರುಳು. ಮೊಟ್ಟೆ ಮಾಂಸ ಬಿದ್ರೆ ಅರಗೋದಿಲ್ಲ, ಒಳಗೇ ಕೊಳೆತು ಹೊಟ್ಟೆ ಊದುತ್ತೆ. ಅದಕ್ಕೇ ಹಸಿರು ಡಬ್ಬ ಕೊಟ್ಟಿದ್ದು."

ಏಂಜಲ್ ಮೀನಿನ ಸಂಗತಿ ಕೇಳಿದಾಗ ಅವನು ಹಣೆ ಚಚ್ಚಿಕೊಂಡ. "ಇವು ಜಗಳಗಂಟಿಗಳು. ಒಂದೊಂದು ಕಲ್ಲೂ ತಮ್ಮದು ಅನ್ತವೆ. ಇವುಗಳ ಜೊತೆ ಇವುಗಳ ಥರದವೇ ಇರಬೇಕು. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು, ಅಡಗೋಕೆ ಬೇಕಾದಷ್ಟು ಸಂದು. ಆ ಸಾಧು ಮೀನು ಪಾಪ ಎಲ್ಲಿಗೆ ಹೋಗಬೇಕು? ಅದಕ್ಕೆ ಈ ಗಡಸು ನೀರೂ ಆಗಿಬರಲ್ಲ." ಆಮೇಲೆ ಚೀಲ ಕೆಳಗಿಟ್ಟು, ಸುಮ್ಮನೆ ಯೋಚಿಸುತ್ತಾ ಕೇಳಿದ: "ವರ್ಷಗಟ್ಟಲೆ ಮೊಟ್ಟೆ ತಿಂದು ಇಷ್ಟು ದಿನ ಹೇಗೆ ಬದುಕಿದ್ವು? ನಡುವೆ ಯಾರಾದ್ರೂ ಸೊಪ್ಪುಗಿಪ್ಪು ಹಾಕ್ತಿದ್ರಾ?"

ಕಂಪೌಂಡರ್ ಅಂಗಡಿಯ ನೆಲ ನೋಡಿದರು.

"ಇಲ್ಲ," ಎಂದರು.

ದಾರಿಯುದ್ದಕ್ಕೂ ಆ 'ಇಲ್ಲ' ಅವರ ಜೊತೆಗೇ ಬಂತು. ಮೊದಲ ಸಲ ಸುಳ್ಳನ್ನು ಗೊತ್ತಿಲ್ಲದೆ ಆಡಿದ್ದರು. ಈ ಸಲ ಗೊತ್ತಿದ್ದೇ.

ಅಂಗಡಿಯವನು ಹೇಳಿದಂತೆ ಮೂರು ದಿನ ತೊಟ್ಟಿಗೆ ಏನೂ ಹಾಕದೆ, ನೀರು ಸ್ವಲ್ಪ ಸ್ವಲ್ಪ ಬದಲಿಸಿದರು. ಆಮೇಲೆ ಪಾಚಿಯ ಗುಳಿಗೆ, ನಡುನಡುವೆ ಸಿಪ್ಪೆ ಸುಲಿದು ಬೇಯಿಸಿದ ಬಟಾಣಿ, ಪಾಲಕ್. ಎಲೆ ಹರಿಯುವಾಗ ತಮ್ಮ ಕೈ ಆಯಾಳ ಕೈಯಂತೆಯೇ ಆಡುತ್ತಿದೆ ಅನ್ನಿಸಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲ ಕಡೆ ತಿರುಗುತ್ತಿದ್ದರು. ಚೀಲದಲ್ಲಿ ಒಯ್ದಿದ್ದ ಮೀನು ಉಳಿಯಲಿಲ್ಲ. ಬಾಕಿ ಎಂಟು ಚೇತರಿಸಿಕೊಂಡವು. ಬಣ್ಣ ಮತ್ತೆ ಏರಿತು.

ಒಂದು ಮಧ್ಯಾಹ್ನ ಡಾಕ್ಟರಮ್ಮ ತೊಟ್ಟಿಯ ಮುಂದೆ ನಿಂತು, ಕಾಯುತ್ತಿದ್ದವರ ಎದುರಿಗೇ ಹೇಳಿದರು: "ಆಯಾ ಹೋದ ಮೇಲೆ ನೋಡಿ ಎಷ್ಟು ಗೆಲುವಾಗಿವೆ. ಎಲ್ಲಾ ನಮ್ಮ ಕಂಪೌಂಡರ್ ಶ್ರಮ."

ನೆಲ ಬಾಯಿ ಬಿಟ್ಟಿದ್ದರೆ ಆ ಕ್ಷಣ ಕಂಪೌಂಡರ್ ಇಳಿದುಹೋಗುತ್ತಿದ್ದರು. ಆದರೆ ಅವರು ಮಾಡಿದ್ದು ಇಷ್ಟೇ: ಮುಂದಿನ ಹೆಸರು ಕೂಗಿದರು.

ಆ ಸಂಜೆ ಊಟದ ತಟ್ಟೆಯ ಮುಂದೆ ಕೂತವರು ಕೈಯನ್ನೇ ಹಾಕಲಿಲ್ಲ. ಹೆಂಡತಿ ಎರಡು ಸಲ ಕೇಳಿದ ಮೇಲೆ ಎಲ್ಲ ಹೇಳಿಬಿಟ್ಟರು. ಹೇಳುವಾಗ ಹೆಂಡತಿಯ ಮುಖ ನೋಡಲಾಗಲಿಲ್ಲ.

"ದಿನಾ ಆ ಮೀನಿನ ಮುಂದೆ ತಲೆ ತಗ್ಗಿಸಿ ನಿಂತರೆ ಏನು ಬಂತು?" ಎಂದರು ಹೆಂಡತಿ. "ಅವಕ್ಕೆ ನೀವು ಮಾಡಿದ್ದು ಗೊತ್ತಾ? ಆ ಹೆಂಗಸಿಗೆ ಗೊತ್ತು. ಅಲ್ಲಿಗೆ ಹೋಗಿ."

ಔಷಧಿ ಅಂಗಡಿಯಲ್ಲಿ ವಿಚಾರಿಸಿದಾಗ, ಆಯಾ ಈಗ ಎರಡು ಬೀದಿ ಆಚೆಯ ಮುದ್ರಣಾಲಯದಲ್ಲಿ ಕಸ ಗುಡಿಸುತ್ತಾಳೆ ಎಂದು ತಿಳಿಯಿತು. ಕಂಪೌಂಡರ್ ಎರಡು ದಿನ ಆ ಬೀದಿಯ ತುದಿಯವರೆಗೆ ಹೋಗಿ ವಾಪಸ್ಸು ಬಂದರು. ಮೂರನೆಯ ದಿನ ಒಳಗೆ ಹೋದರು. ಕತ್ತರಿಸಿದ ಕಾಗದದ ಚೂರುಗಳನ್ನು ಅವಳು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅವರನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಅಕ್ಕಾ, ತಪ್ಪಾಯ್ತು," ಎಂದರು ಕಂಪೌಂಡರ್. ಅವಳನ್ನು ಅಕ್ಕಾ ಎಂದು ಕರೆದದ್ದು ಅದೇ ಮೊದಲು, ಅದಕ್ಕೂ ನಾಚಿಕೆಯಾಯಿತು. "ನಿಮ್ಮ ಸೊಪ್ಪಿಂದ ಅಲ್ಲ, ನನ್ನ ಮೊಟ್ಟೆಯಿಂದ ಸತ್ತಿದ್ದು. ನಿಮ್ಮ ಸೊಪ್ಪಿಂದಲೇ ಅಷ್ಟು ದಿನ ಉಳಿದಿದ್ದು."

ಆಯಾ ಚೀಲದ ಬಾಯಿ ಬಿಗಿಯುತ್ತಾ ಕೇಳಿಸಿಕೊಂಡಳು.

"ಕದ್ದು ಅಂದ್ರಿ ನೀವು," ಎಂದಳು ಕೊನೆಗೆ. "ನಾನು ಕದ್ದು ಹಾಕ್ತಿರಲಿಲ್ಲ ಕಂಪೌಂಡ್ರೇ. ನನ್ನ ಕೆಲಸದ ಹೊತ್ತೇ ಅದು. ಅಷ್ಟು ಜನ ಕೂತಿದ್ರು. ಅದರಲ್ಲಿ ಇಬ್ಬರು ನಮ್ಮ ಬೀದಿಯೋರು. ಈಗ ನೀವು ಇಲ್ಲಿ ಕಾಗದದ ಚೂರಿಗೆ ಹೇಳ್ತಿದೀರಿ."

ಅವಳು ಚೀಲವನ್ನು ಗೋಡೆಗೆ ಒರಗಿಸಿ ಕೇಳಿದಳು: "ಬಾಲ ಮುರಿದ ಹಳದಿಯದು ಇದೆಯಾ?"

"ಇದೆ."

"ಅದಕ್ಕೆ ದಂಟು ಆಗಲ್ಲ. ಎಲೆ ಮಾತ್ರ ಹಾಕಿ," ಎಂದು ಪೊರಕೆ ತೆಗೆದುಕೊಂಡಳು.

ಮರುದಿನ ಕಾಯುವ ಕೋಣೆ ತುಂಬುವವರೆಗೆ ಕಂಪೌಂಡರ್ ಕಾದರು. ಡಾಕ್ಟರಮ್ಮನನ್ನು ಹೊರಗೆ ಕರೆದರು. ಮಾತು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದರು. ಕೆನ್ನೆ ಊದಿದವರು, ಬಾಯಿಗೆ ಕರವಸ್ತ್ರ ಒತ್ತಿಕೊಂಡವರು ಎಲ್ಲರೂ ನೋಡುತ್ತಿದ್ದರು.

"ಮೇಡಂ, ಮೀನು ಸಾಯಿಸಿದ್ದು ನಾನು. ತಿನ್ನಬಾರದ್ದನ್ನ ತಿನ್ನಿಸಿದೆ, ಜೊತೆಗೆ ಇರಬಾರದ ಮೀನು ತಂದು ಬಿಟ್ಟೆ. ಆಯಾ ಹಾಕ್ತಿದ್ದದ್ದೇ ಸರಿಯಾದ ಆಹಾರ. ಅದು ನನಗೆ ಗೊತ್ತಾಗಿ ಐದು ವಾರ ಆಯ್ತು. ನೀವು ಹೊಗಳಿದಾಗಲೂ ಗೊತ್ತಿತ್ತು."

ಡಾಕ್ಟರಮ್ಮ ಕೈಗವಸು ಕಳಚಿದರು. "ಐದು ವಾರ," ಎಂದರು. ಒಳಗೆ ಹೋದರು. ಅವತ್ತಿಡೀ ಇಕ್ಕಳ ಬೇಕಾದಾಗ ಕೈ ಚಾಚಿದರೇ ಹೊರತು ಬಾಯಿಬಿಟ್ಟು ಕೇಳಲಿಲ್ಲ. ಸಂಜೆ ತಾವೇ ಮುದ್ರಣಾಲಯಕ್ಕೆ ಹೋಗಿ ಆಯಾಳನ್ನು ವಾಪಸ್ಸು ಕರೆದರು. ಅವಳು ಬರುವುದಿಲ್ಲ ಎಂದಳು. ಇಲ್ಲಿ ಕೆಲಸ ಹಗುರ, ನೆಲ ಒರೆಸಿ ಮಂಡಿ ಸವೆದಿದೆ ಎಂದಳಂತೆ. ನಿಜವೂ ಇರಬಹುದು.

ಕೆಲವು ತಿಂಗಳ ಮೇಲೆ ಅವಳು ಬಂದಳು, ದವಡೆ ಹಲ್ಲು ನೋವು ಎಂದು. ಕಂಪೌಂಡರ್ ಹೆಸರು ಬರೆದುಕೊಂಡರು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದವಳ ಹೆಸರನ್ನು ಅವತ್ತು ಮೊದಲ ಸಲ ಕೇಳಿ ತಿಳಿದುಕೊಂಡರು. ಸರದಿ ಬರುವವರೆಗೆ ಅವಳು ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಹಲ್ಲು ತೆಗೆದು ಹತ್ತಿ ಕಚ್ಚಿಸಿ ಕಳಿಸುವಾಗ ಕಂಪೌಂಡರ್ ಎಲ್ಲರಿಗೂ ಹೇಳುವುದನ್ನೇ ಹೇಳಲು ಹೋದರು. "ಇವತ್ತು ಬಿಸಿ..." ಎಂದು ಅಲ್ಲಿಗೇ ನಿಲ್ಲಿಸಿದರು.

ಆಯಾ ಕೆನ್ನೆ ಹಿಡಿದುಕೊಂಡು, ಹತ್ತಿಯ ಸಂದಿಯಿಂದಲೇ, "ಗೊತ್ತು, ಬಿಸಿ ಕುಡಿಯಲ್ಲ" ಎಂದು ಮೆಟ್ಟಿಲು ಇಳಿದಳು.