ದಾರಿಯೇ ವಿಳಾಸವಾಗಿದ್ದ ಕಾಲದ ಹೆನ್ರಿ

ಕಾರ್ಲ್‌ಸ್ಕ್ರೂನಾದ ದೂರಸಂಪರ್ಕ ಕಚೇರಿಯೊಂದರಲ್ಲಿ ಹೆನ್ರಿ ಲೋಬೊ ನಿವೃತ್ತಿಯಾಗುವವರೆಗೂ ಇ-ಮೇಲ್ ವ್ಯವಸ್ಥೆ ನೋಡಿಕೊಂಡರು. ಈಗಲೂ ಬುಧವಾರದ ಫೀಕಾಕ್ಕೆ, ಅಂದರೆ ಆ ದೇಶದವರ ಕಾಫಿ ಹೊತ್ತಿಗೆ, ತಪ್ಪದೆ ಬರುತ್ತಾರೆ.

ಅವರು ಮಂಗಳೂರಿನಿಂದ ಬಂದಾಗ ಕಂಪ್ಯೂಟರ್ ಜಾಲಗಳು ಹಲವಿದ್ದವು. ಒಂದರ ವಿಳಾಸ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಒಂದು ಜಾಲ ಎಡದಿಂದ ಓದಿದರೆ ಇನ್ನೊಂದು ಬಲದಿಂದ. ಬ್ರಿಟನ್ನಿನವರು ದೇಶದ ಹೆಸರನ್ನೇ ಮೊದಲು ಬರೆಯುತ್ತಿದ್ದರು. ಕೆಲವೆಡೆ ವಿಳಾಸವೆಂದರೆ ದಾರಿಯೇ: ಯಾವ ಯಂತ್ರ ದಾಟಿ ಯಾವ ಯಂತ್ರಕ್ಕೆ ಹೋಗಬೇಕೆಂದು ಕಳಿಸುವವರೇ ಬರೆಯಬೇಕಿತ್ತು. ಹೆನ್ರಿಗೆ ಇದು ವಿಚಿತ್ರವೆನಿಸಲಿಲ್ಲ. ಅವರ ಊರಿನಲ್ಲೂ ಮನೆ ನಂಬರ್ ಯಾರೂ ಹೇಳುವುದಿಲ್ಲ. ಇಗರ್ಜಿ ದಾಟಿ, ಹೆಂಚಿನ ಕಾರ್ಖಾನೆ ಎದುರಿನ ಓಣಿ ಎನ್ನುತ್ತಾರೆ.

ಇಂಥ ವಿಳಾಸಗಳನ್ನೆಲ್ಲ ತಿದ್ದಿ ದಾಟಿಸಲು ಅವರು ಒಂದು ಯಂತ್ರಕ್ಕೆ ನಿಯಮಗಳನ್ನು ಬರೆದಿದ್ದರು. ಅದು ಈ ಶುಕ್ರವಾರ ಬಂದ್ ಆಗಲಿತ್ತು. ಈಗ ಆ ದಾರಿಯಲ್ಲಿ ಬರುತ್ತಿದ್ದುದು ಗ್ಲಾಸ್ಗೋದ ಬಾಲಚಂದ್ರರ ಮೇಲ್ ಮಾತ್ರ. ಆ ಕಾಲದಿಂದಲೂ ಇಬ್ಬರದ್ದು ಮೇಲ್‌ನಲ್ಲೇ ಬೆಳೆದ ಸ್ನೇಹ. ಮುಖ ನೋಡಿಲ್ಲ, ಧ್ವನಿ ಕೇಳಿಲ್ಲ.

"ಎಷ್ಟು ಸಲ ಹೊಸ ವಿಳಾಸ ಕೊಟ್ಟೆ ಮಾರಾಯ್ತಿ. ಹಠಮಾರಿ! ಹಳೇದಕ್ಕೇ ಬರೀತಾನೆ," ಎಂದರು ಹೆನ್ರಿ.

ಅವರ ಜಾಗಕ್ಕೆ ಬಂದಿರುವ ಲೀನಾ ಇಲ್ಲೇ ಬೆಳೆದವಳು. "ಬಿಡಿ ಅಂಕಲ್, ಬೌನ್ಸ್ ಆದ್ರೆ ಅವ್ರಿಗೇ ಗೊತ್ತಾಗತ್ತೆ."

"ಎಂತ ಗೊತ್ತಾಗ್ತದೆ? ನಮ್ಮ ವಯಸ್ಸಲ್ಲಿ ಮೇಲ್ ವಾಪಸ್ ಬಂದ್ರೆ ಮೆಷಿನ್ ಸತ್ತಿತು ಅಂತ ಯಾರೂ ಎಣಿಸುದಿಲ್ಲ. ಹೆನ್ರಿ ಸತ್ತ ಅಂತಾರೆ."

ಲೀನಾ ನಕ್ಕವಳು ಕಾಫಿ ಲೋಟ ಕೆಳಗಿಟ್ಟಳು. "ಹೊಸ ವಿಳಾಸ ಹೇಗೆ ಕೊಟ್ರಿ?"

"ಹೊಸದರಿಂದಲೇ ಮೇಲ್ ಹಾಕಿ, ಇದಕ್ಕೇ ರಿಪ್ಲೈ ಒತ್ತು, ಸಾಕು, ಅಂತ ಬರೆದೆ."

ಅಭ್ಯಾಸಬಲದಿಂದ ಹೆನ್ರಿ ಗೆಳೆಯನಿಗೆ ಆ ಯಂತ್ರದ ಮೂಲಕವೇ ಬರೆಯುತ್ತಿದ್ದರು. ಲೀನಾ ಅದರ ನಿಯಮಗಳನ್ನು ತೆರೆದು ನೋಡಿದಳು. ಉತ್ತರ ದಾರಿ ತಪ್ಪಬಾರದೆಂದು ಹೆನ್ರಿ ಹಿಂದೆ ಒಂದು ಸಾಲು ಸೇರಿಸಿದ್ದರು: ಹೊರಗೆ ಹೋಗುವ ಪ್ರತಿ ಮೇಲ್‌ನಲ್ಲೂ ಕಳಿಸಿದವರ ವಿಳಾಸವನ್ನು ಹಳೆಯ ರೂಪಕ್ಕೆ ತಿರುಗಿಸು.

"ಅಂಕಲ್, ಹಠ ಅವ್ರದ್ದಲ್ಲ. ನೀವು ಹೊಸದು ಹಾಕಿದ್ರೂ ನಿಮ್ಮ ರೂಲ್ ಅದನ್ನ ಹಳೇದು ಮಾಡಿ ಕಳಿಸ್ತಿದೆ."

ಹೆನ್ರಿ ಪರದೆಗೆ ಬಾಗಿ ತಾವೇ ಬರೆದಿದ್ದನ್ನು ಓದಿದರು. "ಒಂದು ಸಲವೂ ತಪ್ಪಲಿಲ್ಲ ನೋಡು ಅದು," ಎಂದು ಆ ಸಾಲನ್ನು ತಾವೇ ಅಳಿಸಿದರು. ಅಲ್ಲೇ ಕೂತು, ತಪ್ಪು ಯಾರದೆಂದು ಹೇಳದೆ, ಗೆಳೆಯನಿಗೆ ಬರೆದರು: ಈ ಸಲವಾದರೂ ಹೊಸ ವಿಳಾಸಕ್ಕೆ ಬರೆ.

ಯಂತ್ರ ನಿಲ್ಲುವ ಮುಂಚೆಯೇ ಉತ್ತರ ಹೊಸ ವಿಳಾಸಕ್ಕೆ ಬಂತು. "ಯಾವಾಗ್ಲೂ ನೀನು ಹೇಳಿದ ಹಾಗೇ ರಿಪ್ಲೈ ಒತ್ತಿದ್ದೇನೆ. ಈಗಲೂ ಅಷ್ಟೇ. ನನಗ್ಯಾಕೆ ಬೈಯುದು?"

"ತಪ್ಪು ನಂದೇ ಮಾರಾಯ," ಎಂದು ಬರೆದ ಹೆನ್ರಿ, ಅದರ ಕೆಳಗೆ ಮೊದಲ ಬಾರಿಗೆ ತಮ್ಮ ಫೋನ್ ನಂಬರ್ ಹಾಕಿದರು.