ಅಪ್ಪ ಎಳೆದ ನೆಟ್ಟನೆಯ ವೈರು

ನಮ್ಮ ಮನೆಯ ಇಂಟರ್ನೆಟ್ಟು ನಮ್ಮ ಶ್ರೀಗಂಧದ ಕಾವಲು ಬಡಾವಣೆಯ ನಲ್ಲಿ ನೀರಿನ ಹಾಗೆ: ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೀಟಿಂಗ್‌ನಲ್ಲಿ ನಾನು ಬಾಯಿ ತೆರೆದ ಗಳಿಗೆಗೇ ಹೋಗುತ್ತಿತ್ತು. ನನ್ನ ತೆರೆದ ಬಾಯನ್ನು ಸಹೋದ್ಯೋಗಿಗಳು ನೋಡಿದಷ್ಟು ನನ್ನ ಹಲ್ಲಿನ ಡಾಕ್ಟರೂ ನೋಡಿರಲಾರರು.

ರೌಟರನ್ನು ಆರಿಸಿ ಮತ್ತೆ ಹಾಕಿದೆ. ಕಿಟಕಿಯ ಹತ್ತಿರ ಇಟ್ಟೆ, ಬೀರುವಿನ ಮೇಲೆ ಇಟ್ಟೆ. ಎದುರು ಮನೆಯ ಹೊಂಗೆ ಮರದ ಮೇಲೆ ಅನುಮಾನಪಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳವನ್ನೂ ಆಡಿದೆ. ಬಾಗಿಲಿನಿಂದ ರೌಟರ್‌ವರೆಗೆ ಗೋಡೆಗುಂಟ ಹೋಗುವ ವೈರಿನ ತಂಟೆಗೆ ಮಾತ್ರ ಹೋಗಲಿಲ್ಲ. ಅದು ಅಪ್ಪನ ಕೆಲಸ.

ಅಪ್ಪ ಕಾಮಾಕ್ಷಿಪಾಳ್ಯದಲ್ಲಿ ನಲವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಮಷಿನ್ ಮುಂದೆ ನಿಂತವರು. ಹೋದ ವರ್ಷ ಮೊಣಕಾಲು ಕೈಕೊಟ್ಟಿತು, ತಮ್ಮ ವರ್ಕ್‌ಶಾಪ್ ಮುಚ್ಚಿದರು. ಆಮೇಲೆ ಅವರ ಕೈಗೆ ಉಳಿದದ್ದು ನಮ್ಮ ಮನೆ ಒಂದೇ. ಕಂಪನಿಯವರು ಬಿಟ್ಟುಹೋದ ವೈರು ನೋಡಿ, "ನೇತಾಡೋ ವೈರು ಸೋಮಾರಿ ಮನೆ ಗುರುತು" ಎಂದು, ಬಿಗಿಯಾಗಿ ಎಳೆದು ಕ್ಲಿಪ್ ಹೊಡೆದರು. ಬಾಗಿಲ ಮೂಲೆಯಲ್ಲಿ ಅದನ್ನು ಕಾಗದ ಮಡಿಚಿದ ಹಾಗೆ ತಿರುಗಿಸಿದರು. ಬಂದವರಿಗೆಲ್ಲ ಅದನ್ನು ತೋರಿಸುವುದೇ ಒಂದು ಸಡಗರ. ಇದರಲ್ಲೂ ತಪ್ಪು ಹುಡುಕಿದರೆ, ತನ್ನ ಕೈಲಿನ್ನೇನೂ ಆಗದು ಎಂದು ಅವರು ಕೂತುಬಿಟ್ಟಾರೆಂಬ ಭಯ ನನಗೆ.

ಕೊನೆಗೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ರಿಪೇರಿಯವರು ಬಂದರು. ನೇರ ಆ ಮೂಲೆಗೇ ಬೆರಳಿಟ್ಟರು.

"ಯಾರು ಮೇಡಂ ಇದನ್ನ ಹಿಂಗೆ ಬಗ್ಸಿದ್ದು? ಒಳಗಿರೋದು ಗಾಜಿನ ಎಳೆ. ಬಾಗ್ಲು ಅಲ್ಲಾಡಿದಾಗೆಲ್ಲ ಸಿಗ್ನಲ್ ಕಟ್ ಆಗುತ್ತೆ."

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಹಾಳೆ ತಿರುವುವುದನ್ನು ನಿಲ್ಲಿಸಿದರು.

"ನಾನೇ," ಎಂದೆ. "ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಇದ್ರೆ ಕೈ ಹಾಕ್ಬಾರ್ದು ಮೇಡಂ."

ರಿಪೇರಿಯವರು ಆ ಮಡಿಚಿದ ತುಂಡನ್ನು ಕತ್ತರಿಸಿ ತೆಗೆದು, ಉದ್ದದ ಹೊಸ ತುಂಡು ಜೋಡಿಸಿ, ಮೂಲೆಯಲ್ಲಿ ಸಡಿಲ ಬಿಟ್ಟರು. ಹಸಿರು ದೀಪ ಹತ್ತಿತು, ಅವರು ಮೆಟ್ಟಿಲಿಳಿದು ಹೋದರು. ಒಂದೇ ಸುಳ್ಳಿಗೆ ಅಪ್ಪನ ಮಾನ ಉಳಿಯಿತು ಎಂದು ನಾನು ಒಳಗೊಳಗೇ ಬೀಗಿದೆ.

ಅಪ್ಪ ಪೇಪರ್ ಮಡಿಚಿದರು.

"ನಲವತ್ತು ವರ್ಷದಲ್ಲಿ ಎಷ್ಟೋ ಪೀಸ್ ಕೆಡಿಸಿದೀನಿ ಕಣಮ್ಮ. ಒಂದನ್ನೂ ಇನ್ನೊಬ್ರ ತಲೆಗೆ ಕಟ್ಟಿಲ್ಲ. ನಾನು ಮಾಡಿದ್ದನ್ನ ನಿಂದು ಅನ್ನೋಕೆ ನೀನ್ಯಾರು?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವರ ಕೈ ಸೋತಿದೆ ಎಂದು ಅವರಿಗಿಂತ ಮೊದಲು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವರು ಮೊಣಕಾಲು ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಕೆಳಗೆ ಕೂಗಿದರು.

"ಸಾರ್, ಒಂದ್ನಿಮಿಷ. ಅದನ್ನ ಬಗ್ಸಿದ್ದು ನಾನು. ಎಷ್ಟು ಅಗಲ ತಿರುಗಿಸ್ಬೇಕು ಅಂತ ತೋರ್ಸಿಕೊಟ್ಟು ಹೋಗಿ."

ಗಾಡಿ ಹತ್ತಿದ್ದವರು ಇಳಿದು ಮೇಲೆ ಬಂದರು. ಇಬ್ಬರೂ ಮೂಲೆಯಲ್ಲಿ ನೆಲಕ್ಕೆ ಕೂತರು. ಅಪ್ಪ ಅಡುಗೆಮನೆಯಿಂದ ಒಂದು ಲೋಟ ತರಿಸಿ, ಅದರ ಸುತ್ತ ವೈರು ಬಳಸಿ ತಿರುವಿನ ಅಳತೆ ನೋಡಿದರು. ರಿಪೇರಿಯವರು ಸರಿ ಎಂದು ತಲೆಯಾಡಿಸಿದರು. ನಾನು ಕ್ಲಿಪ್ ಹಿಡಿದುಕೊಳ್ಳಲು ಹೋದೆ.

"ಗೊತ್ತಿಲ್ದೆ ಇದ್ರೆ ಕೈ ಹಾಕ್ಬಾರ್ದು ಅಂತ ಹೇಳಿದ್ರಲ್ಲ," ಎಂದರು ಅಪ್ಪ. "ಹೋಗಿ ಮೂರು ಕಾಫಿ ಮಾಡು."